ಮುಟ್ಟಲು ಬಿಡದ ಬೆಕ್ಕುಗಳ ಜೊತೆ ಬಾಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಿತ್ತಿಲಿಗೆ ಒಂಬತ್ತು ವರ್ಷಗಳಿಂದ ಒಂದು ಹೆಣ್ಣು ಬೆಕ್ಕು ಬರುತ್ತಿದೆ. ಹೆಸರು ಚುಕ್ಕಿ. ಇಷ್ಟು ವರ್ಷದಲ್ಲಿ ಅವಳು ಎಚ್ಚರವಾಗಿರುವಾಗ ನಾನು ಒಮ್ಮೆಯೂ ಅವಳ ಮೈ ಮುಟ್ಟಿಲ್ಲ. ನಾನು ಬಟ್ಟಲು ಇಟ್ಟು ಹತ್ತು ಹೆಜ್ಜೆ ಹಿಂದೆ ಸರಿದರೆ ಮಾತ್ರ ಗೋಡೆಯಿಂದ ಇಳಿದು ಬರುತ್ತಾಳೆ. ಹೀಗೆ ಮನುಷ್ಯರ ಪಕ್ಕದಲ್ಲೇ ಇದ್ದು, ಮನುಷ್ಯರ ಕೈಗೆ ಸಿಗದೆ ಬದುಕುವ ಬೆಕ್ಕುಗಳು ಎಲ್ಲ ಕಡೆ ಇವೆ. ಅವುಗಳ ಬಗ್ಗೆ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಪಶುವೈದ್ಯೆ ಅಲ್ಲ. ಊಟ ಹಾಕುತ್ತಾ, ಬೋನು ಇಡುತ್ತಾ, ವೈದ್ಯರ ಹತ್ತಿರ ಓಡಾಡುತ್ತಾ ಕಲಿತದ್ದು ಇದು.

ಬೀದಿ ಬೆಕ್ಕು, ದಾರಿ ತಪ್ಪಿದ ಸಾಕು ಬೆಕ್ಕು, ಕಾಡುಬೆಕ್ಕು ಎಲ್ಲ ಒಂದೇ ಅಲ್ವಾ?

ಕಾಡುಬೆಕ್ಕು ಬೇರೆಯೇ. ಅದು ಹುಟ್ಟಿನಿಂದ ಕಾಡಿನ ಪ್ರಾಣಿ. ಆದರೆ ಗೋಡೆ ಮೇಲೆ ಕೂತು ಬುಸ್ ಅನ್ನುವ ಬೆಕ್ಕು ಮತ್ತು ಮನೆಯೊಳಗೆ ಹಾಸಿಗೆ ಮೇಲೆ ಮಲಗುವ ಬೆಕ್ಕು, ಇವೆರಡೂ ಒಂದೇ ಜಾತಿ. ಮನುಷ್ಯರ ಜೊತೆ ಇವುಗಳ ನಂಟು ತುಂಬಾ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಒಬ್ಬ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಮೂಳೆಗಳು ಸಿಕ್ಕಿವೆ. ಆ ಗೋರಿಗೆ ಸುಮಾರು 9,500 ವರ್ಷ.

ವ್ಯತ್ಯಾಸ ಇರುವುದು ಮರಿಯಾಗಿದ್ದಾಗ ಏನಾಯಿತು ಅನ್ನುವುದರಲ್ಲಿ. ಎರಡನೇ ವಾರದಿಂದ ಏಳನೇ ವಾರದ ನಡುವೆ ಮರಿ ಮನುಷ್ಯರ ಕೈಯಲ್ಲಿ ಬೆಳೆದರೆ ಅದಕ್ಕೆ ಮನುಷ್ಯರು ತನ್ನವರು. ಆ ದಿನಗಳಲ್ಲಿ ಮನುಷ್ಯರ ಸುಳಿವೇ ಇಲ್ಲದೆ ಬೆಳೆದ ಮರಿಗೆ ನಾವು ದೊಡ್ಡ, ಅಪಾಯದ ಪ್ರಾಣಿ. ಇಂಥ ಬೆಕ್ಕನ್ನೇ ನಾನು ಇಲ್ಲಿ 'ಒಗ್ಗದ ಬೆಕ್ಕು' ಅನ್ನುತ್ತಿದ್ದೇನೆ.

ದಾರಿ ತಪ್ಪಿದ ಸಾಕು ಬೆಕ್ಕು ಒಂದೆರಡು ದಿನ ಹೆದರಿದರೂ ಆಮೇಲೆ ಬಾಲ ಎತ್ತಿಕೊಂಡು ಬರುತ್ತದೆ, ಮುಖ ನೋಡುತ್ತದೆ, ಮಿಯಾಂವ್ ಎಂದು ಕರೆಯುತ್ತದೆ. ಒಗ್ಗದ ಬೆಕ್ಕು ಮೈ ನೆಲಕ್ಕೆ ತಾಗಿಸಿಕೊಂಡು ಓಡಾಡುತ್ತದೆ, ನಮ್ಮನ್ನು ಕೂಗಿ ಕರೆಯುವುದಿಲ್ಲ, ಕತ್ತಲಾದ ಮೇಲೆ ಜಾಸ್ತಿ ಕಾಣಿಸುತ್ತದೆ. ಮೈ ಕೊಳಕಾಗಿ ಸೊರಗಿದ್ದರೆ ಅದು ಒಗ್ಗದ ಬೆಕ್ಕೇ ಎಂದು ಹಲವರು ತಿಳಿಯುತ್ತಾರೆ. ಎಷ್ಟೋ ಸಲ ಅದು ಉಲ್ಟಾ. ಹೊರಗೆ ಬದುಕಿ ಗೊತ್ತಿಲ್ಲದ ಸಾಕು ಬೆಕ್ಕೇ ಬೇಗ ಸೊರಗುತ್ತದೆ.

ಒಂದು ಎಚ್ಚರಿಕೆ. ಬೋನಿನೊಳಗೆ ಇರುವ ಬೆಕ್ಕನ್ನು ನೋಡಿ ತೀರ್ಮಾನ ಮಾಡಬೇಡಿ. ಭಯದಲ್ಲಿ ಎಂಥ ಮುದ್ದಿನ ಬೆಕ್ಕೂ ಹುಲಿಯಂತೆ ಆಡುತ್ತದೆ. ಎರಡು ಮೂರು ದಿನ ಶಾಂತವಾದ ಜಾಗದಲ್ಲಿಟ್ಟು ನೋಡಿ. ಯಾರಾದರೂ ಅದನ್ನು ಹುಡುಕುತ್ತಿರಬಹುದು.

ಇದನ್ನು ಪಳಗಿಸಿ ಮನೆಯೊಳಗೆ ತರಬಹುದಾ?

ಎಂಟು ವಾರದೊಳಗಿನ ಮರಿಯಾದರೆ ಸಾಮಾನ್ಯವಾಗಿ ಆಗುತ್ತದೆ. ಮೂರು ನಾಲ್ಕು ತಿಂಗಳಾಗಿದ್ದರೆ ತುಂಬಾ ತಾಳ್ಮೆ ಬೇಕು, ಆದರೂ ಅರ್ಧಂಬರ್ಧ ಆಗಬಹುದು. ಒಗ್ಗದೇ ದೊಡ್ಡದಾದ ಬೆಕ್ಕನ್ನು ಬಾಗಿಲು ಹಾಕಿ ಒಳಗಿಟ್ಟರೆ ಅದು ಮಂಚದ ಕೆಳಗೋ ಬೀರು ಹಿಂದೆಯೋ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ನಮಗೆ ಅದು ಆಸರೆ ಅನ್ನಿಸುತ್ತದೆ, ಅದಕ್ಕೆ ಅದು ಜೈಲು.

ಇದನ್ನು ಒಪ್ಪಿಕೊಳ್ಳಲು ನನಗೇ ಎರಡು ವರ್ಷ ಬೇಕಾಯಿತು. ಚುಕ್ಕಿಯನ್ನು ಒಂದು ದಿನ ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ ಎಂದು ಕಾಯುತ್ತಿದ್ದೆ. ಅದು ನನ್ನ ಆಸೆ. ಅವಳಿಗೆ ಬೇಕಿದ್ದದ್ದು ಊಟ, ನೀರು, ಮಳೆಗೆ ಒಂದು ಮರೆ, ಮತ್ತು ನಾನು ಹತ್ತಿರ ಹೋಗದೆ ಇರುವುದು. ಅಷ್ಟನ್ನು ಕೊಡುವುದೂ ಪ್ರೀತಿಯೇ.

ಮರಿಗಳು ಒಂಟಿಯಾಗಿ ಸಿಕ್ಕಿವೆ, ತಾಯಿ ಕಾಣಿಸುತ್ತಿಲ್ಲ. ಎತ್ತಿಕೊಂಡು ಬರಲಾ?

ದಯವಿಟ್ಟು ತಕ್ಷಣ ಎತ್ತಬೇಡಿ. ತಾಯಿ ಊಟ ಹುಡುಕಲು ಹೋಗಿರುತ್ತದೆ. ಇಲ್ಲವೇ ಮರಿಗಳನ್ನು ಒಂದೊಂದಾಗಿ ಬೇರೆ ಜಾಗಕ್ಕೆ ಸಾಗಿಸುತ್ತಾ ಇರುತ್ತದೆ, ನೀವು ನೋಡಿದ್ದು ಅರ್ಧ ದಾರಿಯಲ್ಲಿ. ನೀವು ಪಕ್ಕದಲ್ಲೇ ನಿಂತಿದ್ದರೆ ಅದು ಬರುವುದೇ ಇಲ್ಲ. ದೂರ ಹೋಗಿ ಮರೆಯಿಂದ ಕೆಲವು ಗಂಟೆ ಗಮನಿಸಿ. ಮರಿಗಳ ಹೊಟ್ಟೆ ಉಬ್ಬಿದ್ದು, ಬೆಚ್ಚಗೆ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದರೆ ತಾಯಿ ಇದ್ದಾಳೆ ಎಂದೇ ಅರ್ಥ. ಮೈ ತಣ್ಣಗಿದ್ದು, ಬಿಡದೆ ಕೂಗುತ್ತಿದ್ದರೆ, ಇರುವೆ ಮುತ್ತಿದ್ದರೆ ಆಗ ಕಾಯಬಾರದು.

ಎತ್ತಲೇಬೇಕಾದರೆ ಮೊದಲ ಕೆಲಸ ಮೈ ಬೆಚ್ಚಗೆ ಮಾಡುವುದು. ಹಾಲು ಆಮೇಲೆ. ಮೈ ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅದು ಜೀರ್ಣವಾಗುವುದಿಲ್ಲ, ಪ್ರಾಣಕ್ಕೇ ಅಪಾಯ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಡಿ. ಮರಿಗೆ ಸೆಖೆಯಾದರೆ ದೂರ ಸರಿಯಲು ಜಾಗವೂ ಇರಲಿ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ಬಳಸಿ. ಕುಡಿಸುವಾಗ ಮರಿ ಹೊಟ್ಟೆ ಕೆಳಗೆ ಮಾಡಿ ಮಲಗಿರಬೇಕು. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು ವಾರದೊಳಗಿನ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಮರಿಗೆ ಎಷ್ಟು ದಿನ ಆಗಿದೆ ಅಂತ ಹೇಗೆ ತಿಳಿಯುವುದು?

ಹುಟ್ಟಿದಾಗ ತೂಕ ಸುಮಾರು 100 ಗ್ರಾಂ, ಕಣ್ಣು ಮುಚ್ಚಿರುತ್ತದೆ. ಏಳರಿಂದ ಹದಿನಾಲ್ಕು ದಿನದಲ್ಲಿ ಕಣ್ಣು ಬಿಡುತ್ತದೆ. ಮೂರು ವಾರಕ್ಕೆ ಕಿವಿ ನೆಟ್ಟಗಾಗಿ ತಡವರಿಸುತ್ತಾ ನಡೆಯುತ್ತದೆ. ನಾಲ್ಕು ವಾರಕ್ಕೆ ಮೆತ್ತನೆಯ ಊಟಕ್ಕೆ ಬಾಯಿ ಹಾಕುತ್ತದೆ. ಎಂಟು ವಾರಕ್ಕೆ ಸುಮಾರು ಒಂದು ಕೆ.ಜಿ. ಆಗಿರುತ್ತದೆ. ಎಲ್ಲ ಮರಿಗೂ ಮೊದಲು ಕಣ್ಣು ನೀಲಿಯೇ, ಅದನ್ನು ನೋಡಿ ವಿಶೇಷ ತಳಿ ಎಂದುಕೊಳ್ಳಬೇಡಿ.

ಏನು ಊಟ ಹಾಕಬೇಕು? ಹಾಲು ಕೊಡಬಹುದಲ್ವಾ?

ಹಾಲು ಬೇಡ. ಬೆಕ್ಕು ಆಸೆಪಟ್ಟು ಕುಡಿಯುತ್ತದೆ ನಿಜ. ಆದರೆ ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತದೆ. ಹೊರಗೆ ಬದುಕುವ ಬೆಕ್ಕಿಗೆ ಭೇದಿಯಾದರೆ ನೋಡಿಕೊಳ್ಳುವವರು ಯಾರು? ಶುದ್ಧ ನೀರು ಇಡಿ, ಊಟದ ಬಟ್ಟಲಿನಿಂದ ಸ್ವಲ್ಪ ದೂರದಲ್ಲಿ.

ಬೆಕ್ಕು ಪೂರ್ತಿ ಮಾಂಸಾಹಾರಿ. ಟಾರಿನ್ ಎಂಬ ಒಂದು ಅಂಶ ಅದಕ್ಕೆ ಊಟದಿಂದಲೇ ಸಿಗಬೇಕು, ಅದು ಇರುವುದು ಮಾಂಸ ಮತ್ತು ಮೀನಿನಲ್ಲಿ. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯದ ಈ ಕಾಯಿಲೆಗೆ ಟಾರಿನ್ ಕೊರತೆ ಕಾರಣ ಎಂದು 1987ರಲ್ಲಿ ಗೊತ್ತಾಯಿತು, ಆಮೇಲೆ ಬೆಕ್ಕಿನ ಆಹಾರದಲ್ಲಿ ಅದನ್ನು ಹೆಚ್ಚಿಸಿದರು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಇರುತ್ತದೆ ಎಂಬ ಭರವಸೆ ಇಲ್ಲ. ಒಂದು ದಿನ ಹಾಕಿದರೆ ಏನೂ ಆಗುವುದಿಲ್ಲ, ದಿನಾ ಅದನ್ನೇ ಹಾಕಬಾರದು.

ಬೆಕ್ಕಿನ ಒಣ ಆಹಾರವೇ ಹೊರಗೆ ಹಾಕಲು ಸುಲಭ. ಒಂದು ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 70 ಗ್ರಾಂ ಸಾಕು. ಹಾಲೂಡಿಸುವ ತಾಯಿಗೆ ಅದರ ಎರಡು ಮೂರು ಪಟ್ಟು ಬೇಕು. ಬೇಯಿಸಿದ ಕೋಳಿ, ಮೀನು ಕೊಡುವುದಾದರೆ ಉಪ್ಪು, ಮಸಾಲೆ ಇಲ್ಲದೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಏನು ಹಾಕುತ್ತೀರಿ ಅನ್ನುವಷ್ಟೇ ಮುಖ್ಯ ಹೇಗೆ ಹಾಕುತ್ತೀರಿ ಅನ್ನುವುದು. ಒಂದೇ ಜಾಗ, ಒಂದೇ ಹೊತ್ತು, ಬೆಳಕಿರುವಾಗ. ಅರ್ಧ ಗಂಟೆ ಬಿಟ್ಟು ಬಟ್ಟಲು ಎತ್ತಿಬಿಡಿ. ಹೀಗೆ ಮಾಡಿದರೆ ಇಲಿ, ಹೆಗ್ಗಣ ಬರುವುದಿಲ್ಲ, ನೊಣ ಮುತ್ತುವುದಿಲ್ಲ. ಬೆಕ್ಕುಗಳೂ ಹೊತ್ತಿಗೆ ಸರಿಯಾಗಿ ಸೇರುತ್ತವೆ. ಯಾವುದು ಬಂದಿದೆ, ಯಾವುದು ಬಂದಿಲ್ಲ, ಯಾವುದು ಕುಂಟುತ್ತಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಬೋನು ಇಡುವ ದಿನ ಈ ಅಭ್ಯಾಸ ನಿಮ್ಮ ಕೈ ಹಿಡಿಯುತ್ತದೆ. ಇರುವೆ ಕಾಟ ಇದ್ದರೆ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬಟ್ಟಲು ಇಡಿ.

ಊಟ ಹಾಕುವುದರಿಂದಲೇ ಬೆಕ್ಕುಗಳು ಜಾಸ್ತಿಯಾಗುತ್ತವೆ ಅನ್ನುತ್ತಾರೆ. ನಿಜವಾ?

ಬರೀ ಊಟ ಹಾಕಿ ಸುಮ್ಮನಿದ್ದರೆ ನಿಜ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹೊಟ್ಟೆ ತುಂಬಿದ ಹೆಣ್ಣು ಬೆಕ್ಕು ಹೆಚ್ಚು ಮರಿ ಹಾಕುತ್ತದೆ. ಹಾಗೆಂದು ಊಟ ನಿಲ್ಲಿಸಿದರೆ ಬೆಕ್ಕುಗಳು ಎದ್ದು ಹೋಗುವುದಿಲ್ಲ. ಕಸದ ತೊಟ್ಟಿಯಲ್ಲಿ ಹುಡುಕುತ್ತವೆ, ಸೊರಗುತ್ತವೆ, ಆದರೂ ಮರಿ ಹಾಕುತ್ತವೆ. ಊಟ ಮತ್ತು ಆಪರೇಷನ್ (ಮುಂದೆ ಮರಿಯಾಗದಂತೆ ಮಾಡುವ ಸಂತಾನಹರಣ ಚಿಕಿತ್ಸೆ) ಎರಡೂ ಒಟ್ಟಿಗೆ ನಡೆಯಬೇಕು. ಊಟ ಹಾಕಲು ಶುರು ಮಾಡಿದ ವಾರವೇ ಪಶುವೈದ್ಯರ ಬಳಿ ಆಪರೇಷನ್ ಬಗ್ಗೆ ವಿಚಾರಿಸಿ.

ಆಪರೇಷನ್ ಯಾಕೆ? ನಿಸರ್ಗಕ್ಕೆ ಬಿಟ್ಟರೆ ಆಗಲ್ವಾ?

ನಿಸರ್ಗ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಿದವರು ಹೀಗೆ ಕೇಳುವುದಿಲ್ಲ. ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಇಂಥ ಬೆಕ್ಕುಗಳ 169 ಮರಿಗಳನ್ನು ಗಮನಿಸಿದರು. ಆರು ತಿಂಗಳು ತುಂಬುವ ಮೊದಲೇ 127 ಮರಿಗಳು ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ನಮ್ಮ ಹಿತ್ತಿಲಲ್ಲಿ ಚುಕ್ಕಿ ಮೊದಲ ಸಲ ಐದು ಮರಿ ಹಾಕಿದಳು. ಉಳಿದದ್ದು ಒಂದು.

ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬದ ಅವಧಿ ಸುಮಾರು 63ರಿಂದ 65 ದಿನ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ನಾಲ್ಕೈದು ಮರಿ. ಎರಡು ವರ್ಷದ ತಾಯಿ ಎಲುಬು ಗೂಡಾಗಿರುತ್ತಾಳೆ.

ಆಪರೇಷನ್ ಆದ ಮೇಲೆ ಬದಲಾವಣೆ ಬೇಗ ಕಾಣುತ್ತದೆ. ಗಂಡು ಬೆಕ್ಕುಗಳ ರಾತ್ರಿ ಜಗಳ, ಕೂಗಾಟ ಕಮ್ಮಿಯಾಗುತ್ತದೆ. ಗೋಡೆಗೆ, ಬಾಗಿಲಿಗೆ ಉಚ್ಚೆ ಚಿಮುಕಿಸುವ ಚಾಳಿಯೂ ಆ ಘಾಟು ವಾಸನೆಯೂ ತಗ್ಗುತ್ತವೆ. ಕಚ್ಚಾಟದ ಆಳವಾದ ಗಾಯದಿಂದ ಹರಡುವ, ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ ಎಂಬ ವೈರಸ್ ಹರಡುವುದೂ ಕಡಿಮೆಯಾಗುತ್ತದೆ. ತಾಯಿ ಬೆಕ್ಕು ಮೈ ಕೈ ತುಂಬಿಕೊಳ್ಳುತ್ತದೆ.

ಸಂಖ್ಯೆಯೂ ಇಳಿಯುತ್ತದೆ, ಆದರೆ ಎರಡು ಷರತ್ತಿನ ಮೇಲೆ. ಗುಂಪಿನ ಹೆಚ್ಚುಕಡಿಮೆ ಎಲ್ಲ ಬೆಕ್ಕುಗಳಿಗೂ ಆಗಬೇಕು. ಹೊಸದಾಗಿ ಬಂದವನ್ನೂ ಹಿಡಿಯುತ್ತಲೇ ಇರಬೇಕು. ಫ್ಲೋರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಹೀಗೆ ಬಿಡದೆ ಮಾಡಿದಾಗ 1996ರಲ್ಲಿ 68 ಇದ್ದ ಬೆಕ್ಕುಗಳು 2002ರ ಹೊತ್ತಿಗೆ 23ಕ್ಕೆ ಇಳಿದವು. ಅಲ್ಲಿ ಒಗ್ಗುವ ಬೆಕ್ಕುಗಳಿಗೆ, ಮರಿಗಳಿಗೆ ಮನೆಯನ್ನೂ ಹುಡುಕಿಕೊಟ್ಟರು. ಆ ಕೆಲಸ ಇಲ್ಲದೆ ಇಷ್ಟು ಇಳಿಯುತ್ತಿರಲಿಲ್ಲ. ಹತ್ತರಲ್ಲಿ ಮೂರು ಬೆಕ್ಕಿಗೆ ಮಾಡಿಸಿ ಕೈಬಿಟ್ಟರೆ ಆ ಮೂರು ಬೆಕ್ಕಿಗೆ ಒಳ್ಳೆಯದಾಗುತ್ತದೆ, ಸಂಖ್ಯೆ ಮಾತ್ರ ಹಾಗೇ ಇರುತ್ತದೆ.

ಕೈಗೇ ಸಿಗದ ಬೆಕ್ಕನ್ನು ಹಿಡಿಯುವುದು ಹೇಗೆ?

ಬೋನಿನಿಂದ. ಕೈಯಿಂದ, ಚೀಲದಿಂದ, ಬಲೆ ಎಸೆದು ಹಿಡಿಯಲು ಹೋಗಬೇಡಿ. ಅದಕ್ಕೂ ಗಾಯ, ನಿಮಗೂ ಗಾಯ.

ಮೊದಲು ವೈದ್ಯರ ಬಳಿ ದಿನ ಗೊತ್ತುಮಾಡಿ. ಒಗ್ಗದ ಬೆಕ್ಕು ತರುತ್ತೇನೆ, ಬೋನಿನಲ್ಲೇ ತರುತ್ತೇನೆ ಎಂದು ಹೇಳಿ. ಎಲ್ಲರೂ ಇಂಥ ಬೆಕ್ಕನ್ನು ನೋಡಲು ಒಪ್ಪುವುದಿಲ್ಲ. ಒಪ್ಪಿದವರು ಬೋನಿನ ಸಂದಿಯಿಂದಲೇ ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ (ಅರಿವಳಿಕೆ) ಕೊಡುತ್ತಾರೆ.

ಬೆಕ್ಕು ಕಾಲಿಟ್ಟರೆ ಬಾಗಿಲು ಬೀಳುವ ಪೆಟ್ಟಿಗೆ ಬೋನು ಸಾಕು. ಆಪರೇಷನ್‌ಗೆ ಒಂದು ವಾರ ಮೊದಲೇ ಬೋನನ್ನು ಊಟದ ಜಾಗದಲ್ಲಿಡಿ. ಬಾಗಿಲು ಬೀಳದಂತೆ ಕಟ್ಟಿರಿ. ಮೊದಲ ದಿನ ಬಟ್ಟಲು ಬಾಗಿಲ ಬಳಿ, ಆಮೇಲೆ ದಿನಾ ಒಂದೊಂದು ಗೇಣು ಒಳಗೆ. ಕೊನೆಗೆ ಬೆಕ್ಕು ಪೂರ್ತಿ ಒಳಗೆ ಹೋಗಿ ತಿನ್ನುತ್ತದೆ. ತಂತಿಯ ನೆಲ ಅವಕ್ಕೆ ಹಿಡಿಸುವುದಿಲ್ಲ, ಪೇಪರ್ ಹಾಸಿ. ಹಿಡಿಯುವ ಹಿಂದಿನ ದಿನ ಊಟ ಹಾಕಬೇಡಿ, ನೀರು ಇರಲಿ. ಹಸಿದ ಬೆಕ್ಕು ಧೈರ್ಯ ಮಾಡುತ್ತದೆ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರುವುದೂ ಒಳ್ಳೆಯದು. ಚಿಕ್ಕ ಮರಿಗಳನ್ನು ಮಾತ್ರ ಹಾಗೆ ಹೊತ್ತುಗಟ್ಟಲೆ ಉಪವಾಸ ಇಡಬಾರದು, ಎಷ್ಟು ಹೊತ್ತು ಎಂದು ವೈದ್ಯರನ್ನು ಕೇಳಿ. ಹಿಡಿಯುವ ದಿನ ಘಮ್ಮೆನ್ನುವ ಮೀನು ಇಡಿ.

ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಒಮ್ಮೆ ನಾನು ಬಟ್ಟೆ ಒಳಗೆ ಮರೆತು ಬಂದಿದ್ದೆ. ಅದನ್ನು ತರುವ ಎರಡು ನಿಮಿಷದಲ್ಲಿ ಒಂದು ಗಂಡು ಬೆಕ್ಕು ತಂತಿಗೆ ಗುದ್ದಿ ಗುದ್ದಿ ಮೂಗಿನ ತುದಿ ರಕ್ತ ಮಾಡಿಕೊಂಡಿತ್ತು. ಅವತ್ತಿನಿಂದ ಬೋನು ಇಡುವ ಮೊದಲು ಬಟ್ಟೆ ನನ್ನ ಹೆಗಲ ಮೇಲಿರುತ್ತದೆ. ಬೋನು ಇಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಬಿಸಿಲು, ಮಳೆ, ನಾಯಿ, ತುಂಟ ಮಕ್ಕಳು, ಏನು ಬೇಕಾದರೂ ಆಗಬಹುದು. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಕೂತು ಕಾಯಿರಿ.

ಹೆಣ್ಣು ಸಿಕ್ಕಿದರೆ ಹೊಟ್ಟೆ ಕಡೆ ನೋಡಿ. ಮೊಲೆತೊಟ್ಟು ಗುಲಾಬಿಯಾಗಿ ಉಬ್ಬಿದ್ದು ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲೋ ಮರಿಗಳು ಕಾಯುತ್ತಿವೆ. ವೈದ್ಯರಿಗೆ ಹೇಳಿ. ಹಾಲೂಡಿಸುವ ತಾಯಿಗೂ ಆಪರೇಷನ್ ಮಾಡಬಹುದು, ಹಾಲು ನಿಲ್ಲುವುದಿಲ್ಲ. ಆದರೆ ಆಕೆ ಬೇಗ ಮರಿಗಳ ಹತ್ತಿರ ವಾಪಸ್ ಹೋಗಬೇಕು.

ಚುಕ್ಕಿಯನ್ನು ಹಿಡಿಯಲು ನನಗೆ ನಾಲ್ಕು ವಾರ ಹಿಡಿಯಿತು. ಬೇರೆ ಬೆಕ್ಕು ಬೋನಿಗೆ ಬಿದ್ದದ್ದನ್ನು ಅವಳು ನೋಡಿಬಿಟ್ಟಿದ್ದಳು. ಕೊನೆಗೆ ಬೋನನ್ನು ಗಿಡಗಳ ಮರೆಗೆ ಸರಿಸಿ, ಮೇಲೆ ಎಲೆ ಕೊಂಬೆ ಹರಡಿದ ಮೇಲೆ ಒಳಗೆ ಬಂದಳು. ಕೆಲವು ಬೆಕ್ಕುಗಳು ಹಾಗೆಯೇ. ಬೇಸರ ಮಾಡಿಕೊಳ್ಳಬೇಡಿ.

ಆಪರೇಷನ್ ಆದ ಮೇಲೆ ಯಾವಾಗ ಬಿಡಬೇಕು?

ಪೂರ್ತಿ ಎಚ್ಚರವಾಗಿ, ನೆಟ್ಟಗೆ ನಿಂತು, ಬುಸ್ ಅನ್ನುವವರೆಗೆ ಬಿಡಲೇಬಾರದು. ಗಂಡಿಗೆ ಸಾಮಾನ್ಯವಾಗಿ ಒಂದು ದಿನ, ಹೆಣ್ಣಿಗೆ ಎರಡು ದಿನ ಅಥವಾ ವೈದ್ಯರು ಹೇಳಿದಷ್ಟು. ಅಷ್ಟು ಹೊತ್ತು ಬೆಚ್ಚಗಿನ, ಸದ್ದಿಲ್ಲದ ಕೋಣೆಯಲ್ಲಿ, ಬಟ್ಟೆ ಹೊದಿಸಿದ ಬೋನಿನಲ್ಲೇ ಇರಲಿ. ಪಾಪ ಅನ್ನಿಸಿ ಬಾಗಿಲು ತೆರೆದರೆ ಕೋಣೆಯಲ್ಲಿ ಮತ್ತೆ ಹಿಡಿಯುವುದು ಆಗದ ಮಾತು. ಹೊಲಿಗೆ ತಾನಾಗಿ ಕರಗುವಂಥದ್ದೇ ಹಾಕಿ ಎಂದು ಮೊದಲೇ ಕೇಳಿಕೊಳ್ಳಿ, ಇನ್ನೊಮ್ಮೆ ಹಿಡಿದು ಹೊಲಿಗೆ ಬಿಚ್ಚಿಸಲು ಆಗುವುದಿಲ್ಲ. ರಕ್ತ ಒಸರುತ್ತಿದ್ದರೆ, ಮಂಪರು ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಹಿಡಿದ ಜಾಗದಲ್ಲೇ ಬಿಡಿ. ಬಾಗಿಲು ತೆರೆದರೆ ಬಾಣದಂತೆ ಓಡುತ್ತದೆ, ಎರಡು ಮೂರು ದಿನ ಮುಖ ತೋರಿಸದೆ ಇರಬಹುದು. ಆಮೇಲೆ ಹಸಿವು ಕರೆತರುತ್ತದೆ. ಗಂಡು ಬೆಕ್ಕಿನಿಂದ ಆಪರೇಷನ್ ಆದ ಮೇಲೂ ಕೆಲವು ವಾರ ಗಬ್ಬವಾಗುವ ಸಾಧ್ಯತೆ ಇರುತ್ತದೆ, ಗಾಬರಿ ಬೇಡ.

ಕಿವಿಯ ತುದಿ ಕತ್ತರಿಸುವುದು ಕ್ರೂರ ಅಲ್ವಾ?

ಮೊದಲ ಸಲ ನೋಡಿದಾಗ ನನಗೂ ಕರುಳು ಚುರುಕ್ ಅಂದಿತು. ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗಲೇ ಒಂದು ಕಿವಿಯ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ನೇರವಾಗಿ ತೆಗೆಯುತ್ತಾರೆ. ಆಗ ಬೆಕ್ಕಿಗೆ ನೋವು ಗೊತ್ತಾಗುವುದಿಲ್ಲ, ಬೇಗ ಮಾಯುತ್ತದೆ. ಈ ಗುರುತು ಇಲ್ಲದಿದ್ದರೆ ಏನಾಗುತ್ತದೆ ಯೋಚಿಸಿ. ಅದೇ ಬೆಕ್ಕನ್ನು ಇನ್ನೊಬ್ಬರು ಮತ್ತೆ ಹಿಡಿಯುತ್ತಾರೆ, ಮತ್ತೆ ಅರಿವಳಿಕೆ ಕೊಡುತ್ತಾರೆ, ಹೆಣ್ಣಾದರೆ ಹೊಟ್ಟೆಯನ್ನೂ ಮತ್ತೆ ಕೊಯ್ಯುವ ಸಂಭವ ಇದೆ. ಕೊರಳಪಟ್ಟಿ ಕಳಚಿ ಬೀಳುತ್ತದೆ, ಇಲ್ಲವೇ ಕೊಂಬೆಗೆ ಸಿಕ್ಕಿ ಉರುಳಾಗುತ್ತದೆ. ದೂರದಿಂದ ಕಾಣುವ, ಅಳಿಸದ ಗುರುತು ಇದೊಂದೇ. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಇದು ನೇರ ಗೆರೆ.

ಎಲ್ಲವನ್ನೂ ಹಿಡಿದು ದೂರ ಬಿಟ್ಟು ಬಂದರೆ ಸಮಸ್ಯೆ ಮುಗಿಯುತ್ತದಲ್ಲ?

ಮುಗಿಯುವುದಿಲ್ಲ. ಊಟ, ಅಡಗುವ ಜಾಗ ಇಲ್ಲೇ ಇರುವಾಗ ಖಾಲಿಯಾದ ಜಾಗಕ್ಕೆ ಅಕ್ಕಪಕ್ಕದ ಬೆಕ್ಕುಗಳು ಬರುತ್ತವೆ, ಅವುಗಳಿಗೆ ಆಪರೇಷನ್ ಆಗಿರುವುದಿಲ್ಲ. ಬಿಟ್ಟು ಬಂದ ಬೆಕ್ಕಿಗೆ ಅಲ್ಲಿ ನೀರೆಲ್ಲಿ, ಮರೆಯೆಲ್ಲಿ ಎಂದು ಗೊತ್ತಿಲ್ಲ. ಅಲ್ಲಿನ ಬೆಕ್ಕುಗಳು ಓಡಿಸುತ್ತವೆ. ಮನೆ ಹುಡುಕುತ್ತಾ ರಸ್ತೆ ದಾಟುವಾಗ ಎಷ್ಟೋ ಸಾಯುತ್ತವೆ. ಇಟಲಿಯಲ್ಲಿ 1991ರಿಂದ ಕಾನೂನೇ ಇದೆ. ಸ್ವತಂತ್ರವಾಗಿ ಬದುಕುವ ಬೆಕ್ಕುಗಳಿಗೆ ಆಪರೇಷನ್ ಮಾಡಿ ಅದೇ ಗುಂಪಿಗೆ ವಾಪಸ್ ಬಿಡಬೇಕು ಎನ್ನುತ್ತದೆ.

ಕಟ್ಟಡ ಕೆಡವುತ್ತಾರೆ, ಬೇರೆ ದಾರಿಯೇ ಇಲ್ಲ ಎಂದಾಗ ಮಾತ್ರ ಸ್ಥಳ ಬದಲಿಸಬೇಕು. ಆಗಲೂ ಹೊಸ ಜಾಗದಲ್ಲಿ ದೊಡ್ಡ ಪಂಜರದಲ್ಲೋ ಕೋಣೆಯಲ್ಲೋ ಮೂರು ನಾಲ್ಕು ವಾರ ಇಟ್ಟು, ದಿನಾ ಅದೇ ಹೊತ್ತಿಗೆ ಊಟ ಕೊಟ್ಟು, ಜಾಗ ಒಗ್ಗಿದ ಮೇಲೆ ಬಿಡಬೇಕು. ಜೊತೆಗಾರ ಬೆಕ್ಕುಗಳನ್ನು ಬೇರೆ ಮಾಡಬಾರದು.

ಮಳೆ, ಚಳಿಗೆ ಗೂಡು ಮಾಡಿಕೊಡಬೇಕಾ?

ಮಾಡಿಕೊಟ್ಟರೆ ತುಂಬಾ ಒಳ್ಳೆಯದು. ದೊಡ್ಡದು ಬೇಡ. ಎರಡು ಮೂರು ಬೆಕ್ಕು ಮುದುಡಿ ಕೂರುವಷ್ಟಿದ್ದರೆ ಅವುಗಳ ಮೈಶಾಖಕ್ಕೇ ಬೆಚ್ಚಗಾಗುತ್ತದೆ. ನೆಲದಿಂದ ಎತ್ತರಿಸಿ. ಬಾಗಿಲು ಒಂದು ಗೇಣಿಗಿಂತ ಕಿರಿದಾಗಿರಲಿ, ಗಾಳಿ ಬೀಸುವ ಕಡೆಗೆ ಬೇಡ. ಒಳಗೆ ಹಳೆ ಬಟ್ಟೆ ಹಾಕಬೇಡಿ, ಅದು ತೇವ ಹೀರಿ ತಣ್ಣಗಾಗುತ್ತದೆ. ಕಾಳು ಬಿಡಿಸಿದ ಒಣ ಹುಲ್ಲು ಹಾಕಿ. ಬಿಸಿಲ ಕಾಲದಲ್ಲಿ ಗೂಡಿಗಿಂತ ನೆರಳು, ನೀರು ಮುಖ್ಯ.

ಚಳಿಯಲ್ಲಿ ಬೆಕ್ಕುಗಳು ಕಾರಿನ ಬಾನೆಟ್ ಒಳಗೆ ಸೇರಿಕೊಳ್ಳುತ್ತವೆ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ.

ಇವುಗಳಿಂದ ನಮಗೆ ರೋಗ ಬರುತ್ತದಾ? ಮನೆಯಲ್ಲಿ ಗರ್ಭಿಣಿ ಇದ್ದಾರೆ.

ಮುಟ್ಟದೆ ದೂರದಿಂದ ಊಟ ಹಾಕಿದರೆ ಅಪಾಯ ತುಂಬಾ ಕಡಿಮೆ. ಭಯಪಡಬೇಕಾದದ್ದು ಕಚ್ಚಿದಾಗ. ಬೆಕ್ಕಿನ ಹಲ್ಲು ಸೂಜಿಯಂತೆ, ಮೇಲೆ ಚಿಕ್ಕ ತೂತು, ಒಳಗೆ ಆಳವಾದ ಗಾಯ. ಅದರ ಬಾಯಿಯ ಬ್ಯಾಕ್ಟೀರಿಯಾ ಒಳಗೇ ಉಳಿದು ಒಂದೇ ದಿನದಲ್ಲಿ ಕೈ ಊದಿಕೊಳ್ಳಬಹುದು. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ರೇಬೀಸ್ ಇರುವ ಕಡೆ ಲಸಿಕೆ ಹಾಕಿಸಿಕೊಳ್ಳಲೇಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ನಾಳೆ ನೋಡೋಣ ಅನ್ನಬೇಡಿ. ಬೆಕ್ಕು ಬೋನಿನಲ್ಲಿದ್ದಾಗ ಅದಕ್ಕೂ ರೇಬೀಸ್ ಲಸಿಕೆ ಹಾಕಿಸಿಬಿಡಿ.

ಗರ್ಭಿಣಿಯರ ವಿಷಯದಲ್ಲಿ ಹೆದರಿಕೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದ್ದು. ಅದು ಬೆಕ್ಕಿನ ಮಲದಲ್ಲಿ ಬರುತ್ತದೆ. ಸಾಮಾನ್ಯವಾಗಿ ಬೆಕ್ಕು ಅದನ್ನು ಹೊರಹಾಕುವುದು ಸೋಂಕು ತಗುಲಿದಾಗಿನ ಒಂದೆರಡು ವಾರ ಮಾತ್ರ. ಮಲ ಹೊರಗೆ ಬಿದ್ದು ಒಂದರಿಂದ ಐದು ದಿನ ಆದ ಮೇಲೆ ಅದು ಸೋಂಕು ಹರಡುತ್ತದೆ. ಬೆಕ್ಕನ್ನು ನೋಡುವುದರಿಂದ, ಊಟ ಹಾಕುವುದರಿಂದ ಬರುವುದಿಲ್ಲ. ಗರ್ಭಿಣಿ ಬೆಕ್ಕಿನ ಮಲ ಎತ್ತುವುದು ಬೇಡ, ತೋಟದ ಮಣ್ಣು ಮುಟ್ಟುವಾಗ ಗ್ಲೌಸ್ ಹಾಕಲಿ, ತರಕಾರಿ ಚೆನ್ನಾಗಿ ತೊಳೆಯಲಿ, ಮಾಂಸ ಚೆನ್ನಾಗಿ ಬೇಯಿಸಲಿ. ಸರಿಯಾಗಿ ಬೇಯದ ಮಾಂಸದಿಂದಲೂ ಇದು ಬರುತ್ತದೆ ಎನ್ನುವುದನ್ನು ಜನ ಮರೆಯುತ್ತಾರೆ.

ಹುಷಾರಿಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಮನೆಯಲ್ಲಿರುವ ಮಾತ್ರೆ ಕೊಡಬಹುದಾ?

ಮನೆಯಲ್ಲಿರುವ ಯಾವ ಮಾತ್ರೆಯನ್ನೂ ಕೊಡಬೇಡಿ. ನಮ್ಮ ಜ್ವರದ ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ನಾಯಿಯ ಚಿಗಟಕ್ಕೆ ಬೆನ್ನ ಮೇಲೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧಿಯೂ ಬೆಕ್ಕಿಗೆ ವಿಷ.

ಬೆಕ್ಕು ನೋವನ್ನು ಮುಚ್ಚಿಡುತ್ತದೆ. ಊಟದ ಹೊತ್ತಿಗೆ ಬಂದು ತಿನ್ನದೆ ಕೂತರೆ, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟು ಕೂದಲು ಜಡೆಗಟ್ಟಿದರೆ, ಮೂರನೇ ರೆಪ್ಪೆ (ಕಣ್ಣಿನ ಒಳಮೂಲೆಯ ಪೊರೆ) ಅರ್ಧ ಕಣ್ಣಿಗೆ ಬಂದಿದ್ದರೆ, ಜೊಲ್ಲು ಸುರಿಸುತ್ತಿದ್ದರೆ ಏನೋ ತೊಂದರೆ ಇದೆ. ಗಂಡು ಬೆಕ್ಕು ಪದೇ ಪದೇ ಉಚ್ಚೆಗೆ ಕೂತು ಏನೂ ಬರದಿದ್ದರೆ ಅದು ತುರ್ತು. ಮೂತ್ರನಾಳ ಕಟ್ಟಿಕೊಂಡಿದ್ದರೆ ಎರಡು ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ. ಮರಿಗಳಿಗೆ ವಾಂತಿ, ಭೇದಿ, ಜ್ವರ ಒಟ್ಟಿಗೆ ಬಂದರೆ ಮಾರಕ ವೈರಸ್ ಕಾಯಿಲೆಯಾದ ಪ್ಯಾನ್‌ಲುಕೋಪೀನಿಯಾ ಇರಬಹುದು. ಅದರ ವೈರಸ್ ಆ ಜಾಗದಲ್ಲಿ ವರ್ಷದವರೆಗೂ ಉಳಿಯಬಲ್ಲದು, ಸೋಪಿಗೆ ಸಾಯುವುದಿಲ್ಲ, ನೀರು ಬೆರೆಸಿದ ಬ್ಲೀಚ್‌ಗೆ ಸಾಯುತ್ತದೆ. ಅದಕ್ಕೆ ಲಸಿಕೆ ಇದೆ, ಆಪರೇಷನ್ ದಿನವೇ ಹಾಕಿಸಬಹುದು. ಕೈಗೆ ಸಿಗದ ಬೆಕ್ಕಿಗೆ ವೈದ್ಯರ ಕೆಲಸವೆಲ್ಲ ಅವತ್ತೇ ಮುಗಿಸಿಬಿಡುವುದು ಜಾಣತನ: ಲಸಿಕೆ, ಜಂತುಹುಳಕ್ಕೆ ಮದ್ದು, ಚಿಗಟಕ್ಕೆ ಮದ್ದು, ಹಲ್ಲಿನ ಪರೀಕ್ಷೆ.

ಬೆಕ್ಕುಗಳು ಹಕ್ಕಿಗಳನ್ನು ಕೊಲ್ಲುತ್ತವಲ್ಲ?

ಹೌದು, ಕೊಲ್ಲುತ್ತವೆ. ಬೆಕ್ಕುಗಳನ್ನು ಪ್ರೀತಿಸುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು. ಅಮೆರಿಕವೊಂದರಲ್ಲೇ ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳು ಬೆಕ್ಕಿಗೆ ಬಲಿಯಾಗುತ್ತವೆ ಎಂದು 2013ರ ಒಂದು ಅಂದಾಜು ಹೇಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮನೆಯಿಲ್ಲದ ಬೆಕ್ಕುಗಳದ್ದು. ದ್ವೀಪಗಳಲ್ಲಿ ಹಾನಿ ಇನ್ನೂ ದೊಡ್ಡದು. ದಕ್ಷಿಣ ಹಿಂದೂ ಮಹಾಸಾಗರದ ಮ್ಯಾರಿಯನ್ ದ್ವೀಪಕ್ಕೆ 1949ರಲ್ಲಿ ಇಲಿ ಹಿಡಿಯಲು ಐದು ಬೆಕ್ಕು ಒಯ್ದರು. 1977ರ ಹೊತ್ತಿಗೆ ಸುಮಾರು 3,400 ಆಗಿದ್ದವು, ಕಡಲಹಕ್ಕಿಗಳನ್ನು ಲಕ್ಷಗಟ್ಟಲೆ ತಿನ್ನುತ್ತಿದ್ದವು.

ಅಪರೂಪದ ಹಕ್ಕಿಗಳು ಗೂಡು ಕಟ್ಟುವ ಜಾಗದ ಹತ್ತಿರ, ಕಾಡಿನ ಅಂಚಿನಲ್ಲಿ, ಬೆಕ್ಕುಗಳಿಗೆ ಊಟದ ಜಾಗ ಮಾಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಮನೆ, ರಸ್ತೆ, ಕಟ್ಟಡಗಳ ನಡುವಿನ ಗುಂಪಿಗೆ ನಾವು ಮಾಡಬಹುದಾದದ್ದು ಇದೆ. ಆಪರೇಷನ್ ಮಾಡಿಸಿ ಸಂಖ್ಯೆ ಇಳಿಸುವುದು. ಸಾಕಬಹುದಾದ ಪ್ರತಿಯೊಂದು ಮರಿಯನ್ನೂ ಹೊತ್ತಿಗೆ ಸರಿಯಾಗಿ ಹಿಡಿದು ಮನೆಯೊಳಗೆ ಕಳಿಸುವುದು. ಹಕ್ಕಿಗೆ ಕಾಳು, ನೀರು ಇಡುವ ಜಾಗ ಬೆಕ್ಕಿನ ಬಟ್ಟಲಿನಿಂದ ದೂರ ಇರಲಿ. ಹೊಟ್ಟೆ ತುಂಬಿದ ಬೆಕ್ಕು ಬೇಟೆ ಆಡುವುದಿಲ್ಲ ಎಂಬ ಮಾತು ಪೂರ್ತಿ ನಿಜ ಅಲ್ಲ. ಹಸಿವಿಲ್ಲದಿದ್ದರೂ ಅದು ಬೇಟೆಯ ಮೇಲೆ ಹಾರುತ್ತದೆ.

ಪಕ್ಕದ ಮನೆಯವರಿಗೆ ಸಿಟ್ಟು. ವಿಷ ಹಾಕುತ್ತೇನೆ ಅನ್ನುತ್ತಾರೆ.

ವಿಷದ ಮಾತು ಬಂದರೆ ಸುಮ್ನೆ ಬಿಡಬೇಡಿ. ಬಹಳಷ್ಟು ದೇಶಗಳಲ್ಲಿ ಅದು ಅಪರಾಧ. ಅದನ್ನು ಸಮಾಧಾನವಾಗಿ, ಆದರೆ ಸ್ಪಷ್ಟವಾಗಿ ಹೇಳಿ. ಮಕ್ಕಳು, ನಾಯಿಗಳು, ಹಕ್ಕಿಗಳು ಕೂಡ ಆ ವಿಷ ತಿನ್ನಬಹುದು ಎಂದೂ ಹೇಳಿ.

ಆದರೆ ಅವರ ದೂರನ್ನು ಪೂರ್ತಿ ಕೇಳಿ. ಹೂವಿನ ಪಾತಿಯಲ್ಲಿ ಕಕ್ಕ, ಬಾಗಿಲಲ್ಲಿ ಉಚ್ಚೆ ವಾಸನೆ, ರಾತ್ರಿ ಕೂಗಾಟ. ಇವೆಲ್ಲ ನಿಜವಾದ ಕಷ್ಟಗಳೇ. ವಾಸನೆ ಮತ್ತು ಕೂಗಾಟಕ್ಕೆ ಮದ್ದು ಆಪರೇಷನ್, ಎಷ್ಟು ಬೆಕ್ಕುಗಳಿಗೆ ಆಗಿದೆ ಎಂದು ಅವರಿಗೆ ಲೆಕ್ಕ ಹೇಳಿ. ಪಾತಿಯ ಮಣ್ಣಿನ ಮೇಲೆ ತಂತಿಬಲೆ ಹಾಸಿದರೆ ಅಥವಾ ಉರುಟು ಕಲ್ಲು ಹರಡಿದರೆ ಬೆಕ್ಕು ಕೆದಕುವುದಿಲ್ಲ. ನಿಮ್ಮ ಕಡೆಯ ಮೂಲೆಯಲ್ಲಿ ಸಡಿಲ ಮರಳು ಹಾಕಿ ದಿನಾ ಶುಚಿ ಮಾಡಿದರೆ ಅವು ಅಲ್ಲಿಗೇ ಹೋಗುತ್ತವೆ. ನಮ್ಮ ಪಕ್ಕದ ಮನೆಯ ಅಜ್ಜಿ ಮೊದಲು ನನ್ನ ಜೊತೆ ಮಾತೇ ಬಿಟ್ಟಿದ್ದರು. ಮೂರು ತಿಂಗಳು ನಾನೇ ಅವರ ಪಾತಿ ಶುಚಿ ಮಾಡಿಕೊಟ್ಟೆ. ಈಗ ಹೊಸ ಬೆಕ್ಕು ಬಂದರೆ ಮೊದಲು ನನಗೆ ಹೇಳುವವರು ಅವರೇ.

ಮುಟ್ಟದೆ ಸ್ನೇಹ ಮಾಡುವುದು ಹೇಗೆ?

ನೇರವಾಗಿ ದಿಟ್ಟಿಸಬೇಡಿ, ಬೆಕ್ಕಿನ ಲೋಕದಲ್ಲಿ ಅದು ಬೆದರಿಕೆ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಕಣ್ಣು ಅರ್ಧ ಮುಚ್ಚಿ, ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯಿರಿ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮನುಷ್ಯರು ಹೀಗೆ ಮಾಡಿದಾಗ ಬೆಕ್ಕುಗಳೂ ಕಣ್ಣು ಮಿಟುಕಿಸಿದವು, ಹತ್ತಿರ ಬರುವುದೂ ಹೆಚ್ಚಾಯಿತು. ಅವು ಮನೆಯ ಬೆಕ್ಕುಗಳು. ಆದರೂ ಮೂರನೇ ವರ್ಷ ಒಂದು ಸಂಜೆ ಚುಕ್ಕಿ ಗೋಡೆಯ ಮೇಲಿಂದ ನನಗೆ ಹಾಗೆ ಕಣ್ಣು ಮುಚ್ಚಿ ತೆರೆದಳು. ನಾನು ಒಳಗೆ ಹೋಗಿ ಅತ್ತೆ.

ನಾನು ಒಂದೆರಡು ವಾರ ಊರಲ್ಲಿ ಇರುವುದಿಲ್ಲ. ಏನು ಮಾಡಲಿ?

ಒಟ್ಟಿಗೆ ಮೂಟೆಗಟ್ಟಲೆ ಊಟ ಸುರಿದು ಹೋಗಬೇಡಿ, ಮೊದಲ ರಾತ್ರಿಯೇ ಹೆಗ್ಗಣಗಳ ಪಾಲಾಗುತ್ತದೆ. ಇನ್ನೊಬ್ಬರನ್ನು ಮೊದಲೇ ತಯಾರು ಮಾಡಿ. ಹೋಗುವ ಮೊದಲು ಒಂದು ವಾರ ಅವರೂ ನಿಮ್ಮ ಜೊತೆ ಬಂದು ನಿಲ್ಲಲಿ, ಬೆಕ್ಕುಗಳು ಅವರ ಹೆಜ್ಜೆ ಸದ್ದು ಗುರುತಿಟ್ಟುಕೊಳ್ಳಲಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ಬೆಕ್ಕಿನ ಫೋಟೊ, ಹೆಸರು, ಗಂಡೋ ಹೆಣ್ಣೋ, ಆಪರೇಷನ್ ಮತ್ತು ಲಸಿಕೆಯ ತಾರೀಕು, ವೈದ್ಯರ ಫೋನ್ ನಂಬರ್. ನನ್ನ ನೋಟ್‌ಬುಕ್‌ನಲ್ಲಿ ಚುಕ್ಕಿಯ ಪುಟದಲ್ಲಿ ಹೀಗಿದೆ: 'ಎಡ ಕಿವಿ ತುದಿ ಇಲ್ಲ. ಗೋಡೆಯ ಮೂಲೆಯಲ್ಲಿ ಕೂರುತ್ತಾಳೆ. ಮೊದಲು ಬೇರೆಯವಕ್ಕೆ ಹಾಕಿ, ಕೊನೆಗೆ ಅವಳ ಬಟ್ಟಲು ಒಲೆಕಲ್ಲಿನ ಹಿಂದೆ ಇಡಿ. ಹತ್ತು ಹೆಜ್ಜೆ ಹಿಂದೆ ಬನ್ನಿ. ತಿರುಗಿ ನೋಡಬೇಡಿ, ಅವಳು ಇಳಿಯುತ್ತಾಳೆ.'